ಅದಿರಿನ ಸೀಮೆಯಲ್ಲಿ ಶರೀಫರ ಪದ

ಈ ಹೊತ್ತು ನಾನು ಒಂದೇ ಒಂದು ಹಾಡಿನ ಬಗ್ಗೆ ಮಾತಾಡುತ್ತೇನೆ. ರಘು ದೀಕ್ಷಿತ್ ಹಾಡಿದ 'ಲೋಕದ ಕಾಳಜಿ'. ನಿಮ್ಮಲ್ಲಿ ಬಹಳ ಮಂದಿಗೆ ಇದು ಬಾಯಿಪಾಠ. ಕಂಪ್ಲಿ ರಸ್ತೆಯಲ್ಲಿ ಕಬ್ಬಿನ ಲೋಡು ಹೊತ್ತು ಸಾಗುವ ಟ್ರ್ಯಾಕ್ಟರಿನಲ್ಲಿ ಕೇಳಿರುತ್ತೀರಿ, ಗಣಪತಿ ಪೆಂಡಾಲಿನಲ್ಲಿ ಕೇಳಿರುತ್ತೀರಿ, ಕಾಲೇಜು ವಾರ್ಷಿಕೋತ್ಸವದಲ್ಲಿ ಯಾರೋ ಹುಡುಗ ಬಾಡಿಗೆ ಗಿಟಾರು ಹಿಡಿದು ಹಾಡಿದ್ದನ್ನೂ ಕೇಳಿರುತ್ತೀರಿ. ನಮ್ಮ ಬುಕ್ಕಸಾಗರದಲ್ಲಿ ಬಾಳೆಗೊನೆ ಕಡಿದು ಲಾರಿಗೆ ತುಂಬುವ ಹುಡುಗರ ಮೊಬೈಲಿನಲ್ಲಿ ಅದು ದಿನಕ್ಕೊಮ್ಮೆಯಾದರೂ ಬರುತ್ತದೆ. ಅವರು ಗೊನೆ ದಾಟಿಸುತ್ತಲೇ ಪಲ್ಲವಿ ಎತ್ತಿಕೊಳ್ಳುತ್ತಾರೆ. ಕೈ ಕೆಲಸ ನಿಲ್ಲುವುದಿಲ್ಲ, ಬಾಯಿಯೂ ನಿಲ್ಲುವುದಿಲ್ಲ.

ಈ ಹಾಡನ್ನು ಬರೆದವರು ಸಂತ ಶಿಶುನಾಳ ಶರೀಫರು. ಹುಟ್ಟಿದ್ದು 1819ರಲ್ಲಿ, ಕಣ್ಮುಚ್ಚಿದ್ದು 1889ರಲ್ಲಿ. ರಘು ದೀಕ್ಷಿತ್ ಅದನ್ನು ತಮ್ಮ ರಾಗಕ್ಕೆ ಅಳವಡಿಸಿ, ಗಿಟಾರು, ಪಿಟೀಲು, ಡ್ರಮ್ಸು ಕೂಡಿಸಿ 'ಜಗ್ ಚಂಗಾ' ಎಂಬ ಆಲ್ಬಮಿನಲ್ಲಿ ಹೊರತಂದದ್ದು 2013ರಲ್ಲಿ. ನಡುವೆ ನೂರು ವರ್ಷಕ್ಕೂ ಮಿಕ್ಕ ಕಾಲ ಸರಿದಿದೆ. ತೀರಿಹೋದ ತತ್ವಪದಕಾರನ ಮಾತು ರಾಕ್ ಸಂಗೀತದ ಹೆಗಲೇರಿ ಇಪ್ಪತ್ತರ ಹುಡುಗರ ಬಾಯಿಗೆ ಹೇಗೆ ಬಂತು? ಅದರಲ್ಲೂ ಹೊಸಪೇಟೆ, ಸಂಡೂರು, ಕಂಪ್ಲಿ ಸೀಮೆಯ ನಮಗೆ ಅದು ಇಷ್ಟು ನಾಟಿದ್ದು ಏಕೆ? ನನಗೆ ಇದಕ್ಕೊಂದು ಉತ್ತರ ಹೊಳೆದಿದೆ. ಅದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಒಂದು ಮಾತು. ಕನ್ನಡದಲ್ಲಿ ಸಿನಿಮಾದ ಆಸರೆಯಿಲ್ಲದೆ ಒಂದು ಹಾಡು ಗೆಲ್ಲುವುದು ಸುಲಭವಲ್ಲ. ಪಾಶ್ಚಾತ್ಯ ದೇಶಗಳಲ್ಲಿ, ಜಪಾನಿನಲ್ಲಿ, ಹಾಡುಗಾರ ಎಷ್ಟೋ ಸಲ ತಾನೇ ಬರೆದು ತಾನೇ ರಾಗ ಕಟ್ಟಿ ಒಂದೊಂದೇ ಹಾಡನ್ನು ಪೇಟೆಗೆ ಬಿಡುತ್ತಾನೆ. ಅದನ್ನು ಸಿಂಗಲ್ ಅನ್ನುತ್ತಾರೆ. ಜನ ಆ ಒಂದು ಹಾಡಿನಿಂದಲೇ ಅವನನ್ನು ಗುರುತಿಸುತ್ತಾರೆ. ನಮ್ಮಲ್ಲಿ ಹಾಡು ಎಂದರೆ ಮೊದಲು ಪರದೆ, ಆಮೇಲೆ ಕೊರಳು. ಪರದೆಯ ಹಂಗಿಲ್ಲದೆ ಮನೆಮನೆ ಸೇರಿದವರನ್ನು ಎಣಿಸಿದರೆ ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಹೀಗೆ ಕೆಲವೇ ಹೆಸರು ಬರುತ್ತವೆ. ಇವರೆಲ್ಲ ಕವಿಗಳ ಪದ್ಯ ಹಿಡಿದು ನಡೆದವರು. ರಘು ದೀಕ್ಷಿತ್ ಈ ಸಾಲಿನಲ್ಲಿ ನಿಲ್ಲುತ್ತಾರೆ. ಅವರ ಕೈಯಲ್ಲಿ ಹಾರ್ಮೋನಿಯಂ ಬದಲು ಗಿಟಾರು ಇರುವುದರಿಂದ ನಾವು ಆ ನಂಟನ್ನು ಬೇಗ ಗುರುತಿಸಲಿಲ್ಲ, ಅಷ್ಟೆ.

ಅವರ ಕಥೆ ಚಿಕ್ಕದಾಗಿ ಹೇಳುತ್ತೇನೆ. ಬೆಳೆದದ್ದು ಮೈಸೂರಿನಲ್ಲಿ. ಓದಿದ್ದು ಸೂಕ್ಷ್ಮಜೀವಿ ವಿಜ್ಞಾನ, ಎಂ.ಎಸ್ಸಿ.ಯಲ್ಲಿ ಚಿನ್ನದ ಪದಕ. ಕಲಿತದ್ದು ಭರತನಾಟ್ಯ. ಜೊತೆಯ ವಿದ್ಯಾರ್ಥಿಯೊಬ್ಬ ಅದನ್ನು ಹೆಣ್ಣುಮಕ್ಕಳ ಕಲೆಯೆಂದು ಹಂಗಿಸಿದಾಗ, ಸವಾಲಿಗೆ ಬಿದ್ದು ಗಿಟಾರು ಕಲಿತೆನೆಂದು ಅವರೇ ಹೇಳಿಕೊಂಡಿದ್ದಾರೆ. ಕೆಲಸದ ಮೇಲೆ ಬೆಲ್ಜಿಯಂ ದೇಶದಲ್ಲಿದ್ದಾಗ ಅಲ್ಲಿಯ ಬಾನುಲಿಯಲ್ಲಿ ಅವರ ಹಾಡು ಪ್ರಸಾರವಾಯಿತು. ಆ ಧೈರ್ಯದ ಮೇಲೆ ನೌಕರಿ ಬಿಟ್ಟು ಊರಿಗೆ ಬಂದರು. ಬಾನುಲಿಯಲ್ಲಿ ನಿಂತು ಈ ಮಾತು ಹೇಳುವಾಗ ನನಗೆ ಸಂತೋಷವಾಗುತ್ತದೆ. ಆಮೇಲೆ ವರ್ಷಗಟ್ಟಲೆ ಯಾವ ಕ್ಯಾಸೆಟ್ಟು ಕಂಪನಿಯೂ ಅವರ ಕೈ ಹಿಡಿಯಲಿಲ್ಲ. ಕೊನೆಗೆ ಮುಂಬಯಿಯ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ 2008ರಲ್ಲಿ ಅವರ ಮೊದಲ ಆಲ್ಬಂ ಹೊರತಂದರು. ಅದರಲ್ಲೂ ಶರೀಫರಿದ್ದರು. 'ಗುಡುಗುಡಿಯ ಸೇದಿ ನೋಡೋ' ಬೆಂಗಳೂರಿನ ಇಂಗ್ಲಿಷ್ ಮಾತಾಡುವ ಹುಡುಗರ ನಾಲಿಗೆಯ ಮೇಲೂ ಆಡತೊಡಗಿದ್ದು ಆಗ. 2010ರಲ್ಲಿ ಬಿ.ಬಿ.ಸಿ.ಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವ. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಗಿಟಾರು ನೇತುಹಾಕಿಕೊಂಡು ಹಾಡಿದ ಈ ಮನುಷ್ಯನನ್ನು ಲೋಕ ನೋಡಿತು.

ಆ ಗೆಜ್ಜೆಯ ಹತ್ತಿರ ನಾನು ಸ್ವಲ್ಪ ಹೊತ್ತು ನಿಲ್ಲಬೇಕು.

ಗೆಜ್ಜೆ ಕಟ್ಟಿ, ತಂತಿವಾದ್ಯ ಹೆಗಲಿಗೇರಿಸಿ, ನಿಂತು ನಡೆದು ಹಾಡುವವನನ್ನು ನಾವು ಹೊಸದಾಗಿ ನೋಡಬೇಕಾದ್ದೇನೂ ಇಲ್ಲ. ಹಂಪಿಯ ವಿಠ್ಠಲ ದೇವಸ್ಥಾನದಿಂದ ಹೊಳೆಯ ಕಡೆ ಇಳಿದರೆ ಪುರಂದರ ಮಂಟಪ ಇದೆ. ಹೊಳೆ ತುಂಬಿ ಬಂದಾಗ ಅದರ ಕಂಬಗಳು ನೀರಲ್ಲಿ ನಿಲ್ಲುತ್ತವೆ. ಪುರಂದರದಾಸರ ಚಿತ್ರವನ್ನು ನೆನೆಸಿಕೊಳ್ಳಿ. ಕೈಯಲ್ಲಿ ತಂಬೂರಿ, ಇನ್ನೊಂದು ಕೈಯಲ್ಲಿ ಚಿಪ್ಪಳಿ, ಕಾಲಲ್ಲಿ ಗೆಜ್ಜೆ. ತಾವೇ ಕಟ್ಟಿದ ಪದ, ತಾವೇ ಕೂಡಿಸಿದ ರಾಗ, ಕೊನೆಯ ನುಡಿಯಲ್ಲಿ ತಮ್ಮ ಅಂಕಿತ. ಬೀದಿಯಲ್ಲಿ ಹಾಡುತ್ತ ಹೋಗುವುದು. ಬರೆದು ಹಾಡುವ ಕಲಾವಿದ ಎಂದು ಇವತ್ತು ಹೊರದೇಶದವರು ಯಾರನ್ನು ಕೊಂಡಾಡುತ್ತಾರೋ, ಆ ಬಾಳನ್ನು ಹದಿನಾರನೆಯ ಶತಮಾನದಲ್ಲಿ ನಮ್ಮ ಹೊಳೆದಂಡೆಯಲ್ಲಿ ಒಬ್ಬರು ಬಾಳಿದ್ದಾರೆ. ಪ್ರತಿ ವರ್ಷ ಪುಷ್ಯ ಬಹುಳ ಅಮಾವಾಸ್ಯೆಯಂದು ಅವರ ಆರಾಧನೆ ನಡೆಯುತ್ತದೆ.

ಅಷ್ಟು ಹಿಂದಕ್ಕೆ ಹೋಗುವುದೇ ಬೇಡ ಅನ್ನಿ. ದರೋಜಿ ಈರಮ್ಮನವರನ್ನು ನಿಮ್ಮಲ್ಲಿ ಎಷ್ಟೋ ಜನ ಕಣ್ಣಾರೆ ಕಂಡಿದ್ದೀರಿ. ಸಂಡೂರು ತಾಲ್ಲೂಕಿನ ದರೋಜಿಯವರು, ಬುಡ್ಗ ಜಂಗಮ ಸಮುದಾಯದವರು, ಬುರ್ರಕಥೆಯ ತಾಯಿ. ಅಕ್ಷರ ಬಾರದ ಆ ತಾಯಿಯ ನೆನಪಿನಲ್ಲಿ ಹನ್ನೆರಡು ಜನಪದ ಮಹಾಕಾವ್ಯಗಳಿದ್ದವು. ನಮ್ಮ ಕಂಪ್ಲಿಯ ಕುಮಾರರಾಮನ ಕಥೆಯನ್ನು ಅವರು ರಾತ್ರಿಗಳುದ್ದಕ್ಕೂ ಹಾಡುತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರ ಕಾವ್ಯವನ್ನು ಅಚ್ಚು ಹಾಕಿತು, ನಾಡೋಜ ಗೌರವ ಕೊಟ್ಟಿತು. 2014ರಲ್ಲಿ ತೀರಿಕೊಂಡರು. ಅವರು ಹಾಡುವಾಗ ಕೂತದ್ದನ್ನು ನಾನು ಕಂಡಿಲ್ಲ. ಹೆಗಲಿಗೆ ಬುರ್ರ, ಹಿಂದೆ ಮುಂದೆ ಹೆಜ್ಜೆ, ಪಕ್ಕದವರ ಚರ್ಮವಾದ್ಯ. ಸೊಲ್ಲು ಎತ್ತಿದರೆ ಊರ ಕೊನೆಯ ಮನೆಗೂ ಕೇಳಬೇಕು.

ಇದನ್ನೆಲ್ಲ ಯಾಕೆ ಹೇಳಿದೆನೆಂದರೆ, ಶರೀಫರ ಪದಗಳನ್ನು ರಾಕ್ ಸಂಗೀತಕ್ಕೆ ಹಾಕಿದ್ದು ಅಪಚಾರ ಎನ್ನುವ ಹಿರಿಯರು ನಮ್ಮ ನಡುವೆ ಇದ್ದಾರೆ. ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಅವರ ಕಿವಿಯಲ್ಲಿ ಇರುವುದು ಅಶ್ವತ್ಥ್ ಅವರ ಕಂಠ. 1990ರಲ್ಲಿ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರ ಬಂತು. ಶ್ರೀಧರ್ ಶರೀಫರಾದರು, ಗಿರೀಶ್ ಕಾರ್ನಾಡರು ಗುರು ಗೋವಿಂದಭಟ್ಟರಾದರು. ಸಂಗೀತ ಅಶ್ವತ್ಥ್ ಅವರದು. ಆ ಚಿತ್ರವೂ ಅದಕ್ಕೂ ಮುಂಚೆ ಬಂದ ಕ್ಯಾಸೆಟ್ಟುಗಳೂ ಶಿಗ್ಗಾವಿ ಸೀಮೆಯ ಶರೀಫರನ್ನು ಇಡೀ ಕರ್ನಾಟಕಕ್ಕೆ ಕೊಟ್ಟವು. ಅಶ್ವತ್ಥ್ ಅವರ ದನಿಯಲ್ಲಿ ಒಂದು ಏರು ಇದೆ. ಅದು ಎದೆಯ ಒಳಗಿಂದ ಬಂದು ಮೇಲಿನ ಸ್ವರದಲ್ಲಿ ನಿಲ್ಲುವಾಗ ಮೈ ನವಿರೇಳುತ್ತದೆ. ಆ ಋಣ ತೀರುವಂಥದ್ದಲ್ಲ. ಆದರೂ ಹೇಳಬೇಕಾದ ಮಾತೊಂದಿದೆ. ಸುಗಮ ಸಂಗೀತದ ವೇದಿಕೆಯಲ್ಲಿ ತತ್ವಪದ ಸ್ವಲ್ಪ ಕೂತುಬಿಟ್ಟಿತು. ಬಿಳಿ ಹಾಸು, ಮುಂದೆ ಮೈಕು, ಎದುರಿಗೆ ಕುರ್ಚಿಯಲ್ಲಿ ಕೈಕಟ್ಟಿ ಕೂತ ಶ್ರೋತೃಗಳು. ಹಾಡುವವರು ಅವರು, ಕೇಳುವವರು ನಾವು.

ತತ್ವಪದ ಹುಟ್ಟಿದ್ದು ಹಾಗಲ್ಲ. ಮಠದ ಅಂಗಳದಲ್ಲಿ, ಗುಡಿಯ ಕಟ್ಟೆಯಲ್ಲಿ, ಸತ್ತವರ ಮನೆಯ ಮುಂದೆ ರಾತ್ರಿ ಜಾಗರಣೆಯಲ್ಲಿ ಹುಟ್ಟಿದ್ದು. ಏಕತಾರಿ, ದಮ್ಮಡಿ, ತಾಳ. ಒಬ್ಬ ಎತ್ತಿಕೊಟ್ಟರೆ ಹತ್ತು ಮಂದಿ ಹಿಡಿಯಬೇಕು. ಪಲ್ಲವಿ ಇರುವುದೇ ಅದಕ್ಕೆ. ರಘು ದೀಕ್ಷಿತ್ ಅವರ ಕಚೇರಿಯಲ್ಲಿ ಆಗುವುದು ಇದೇ. ಅವರು ಎತ್ತಿಕೊಡುತ್ತಾರೆ, ಮೈದಾನ ಹಿಡಿಯುತ್ತದೆ. ಡ್ರಮ್ಸಿನ ಪೆಟ್ಟು ದಮ್ಮಡಿಯ ಜಾಗದಲ್ಲೇ ಬೀಳುತ್ತದೆ. ಗಿಟಾರಿನ ಮೀಟು ಏಕತಾರಿಯ ಹಾಗೆ ಒಂದೇ ನೆಲೆಯ ಮೇಲೆ ಸುತ್ತುತ್ತದೆ. ಅವರು ಶರೀಫರಿಗೆ ಹೊಸ ಅಂಗಿ ತೊಡಿಸಿದರು ಎಂದು ಪತ್ರಿಕೆಯವರು ಬರೆದರು. ನನಗೆ ಕಂಡದ್ದು ಬೇರೆ: ಕೂತಿದ್ದ ಪದವನ್ನು ಅವರು ಎಬ್ಬಿಸಿ ನಿಲ್ಲಿಸಿದರು.

ಇನ್ನು ಹಾಡಿನ ಒಳಕ್ಕೆ ಹೋಗೋಣ. ಪದದ ಮಾತುಗಳನ್ನು ನಾನಿಲ್ಲಿ ಹೇಳುವುದಿಲ್ಲ, ನಿಮಗೇ ಗೊತ್ತಿವೆ. ಅದರ ನಡೆ ಹೀಗಿದೆ. ಜಗತ್ತಿನ ಭಾರವೆಲ್ಲ ನನ್ನ ತಲೆಯ ಮೇಲಿದೆ ಎಂದು ಬೀಗುವ ಒಬ್ಬನನ್ನು ಶರೀಫರು ಎದುರಿಗೆ ನಿಲ್ಲಿಸಿಕೊಳ್ಳುತ್ತಾರೆ. ಬೈಯುವುದಿಲ್ಲ, ತಡೆಯುವುದಿಲ್ಲ. ಹೊತ್ತುಕೋ ಹೋಗು ಎಂದು ಬಿಟ್ಟುಬಿಡುತ್ತಾರೆ. ಆಮೇಲೆ ಅವನ ಆಸೆಗಳನ್ನು ಅವನ ಬಾಯಿಂದಲೇ ಒಂದೊಂದಾಗಿ ಹೊರಡಿಸುತ್ತಾರೆ. ಅವನು ನಡೆಸುವ ವ್ಯಾಪಾರ ಕ್ಷಣಕಾಲದ ಸಂತೆ. ಅವನಿಗೆ ಮಹಡಿ ಮೇಲೆ ಮಹಡಿ ಬೇಕು. ಆನೆಯ ಮೇಲೆ ಕೂತು ಮೆರೆಯಬೇಕು. ಹಣ ಕೂಡಿಸಿ ಬಚ್ಚಿಡಬೇಕು. ಕೊನೆಗೆ ಇಳಿಯುವ ಮಣ್ಣಿನ ಕಡೆಗೆ ಮಾತ್ರ ಅವನ ಕಣ್ಣು ಹೊರಳುವುದಿಲ್ಲ.

ಬೇರೆ ಊರಿನವರಿಗೆ ಇವು ವೈರಾಗ್ಯದ ಮಾತುಗಳು. ಹಂಪಿಯ ಮಗ್ಗುಲಲ್ಲಿ ಬಾಳುವ ನಮಗೆ ಇವು ದಿನಾ ದಾಟಿ ಹೋಗುವ ಜಾಗಗಳು.

ಸಂತೆ ಎಂದಾಗ ನನ್ನ ಕಣ್ಣಿಗೆ ವಿಠ್ಠಲ ಬಜಾರು ಬರುತ್ತದೆ. ಸುಮಾರು ಒಂದು ಕಿಲೋಮೀಟರು ಉದ್ದ, ಎರಡೂ ಬದಿಗೆ ಕಲ್ಲಿನ ಅಂಗಡಿ ಸಾಲು. ಕುದುರೆ ವ್ಯಾಪಾರ, ಮುತ್ತು ರತ್ನದ ವ್ಯಾಪಾರ ಎಂದು ಪೋರ್ಚುಗೀಸ್ ಪ್ರವಾಸಿಗಳು ಬಾಯಿತುಂಬ ಬರೆದಿಟ್ಟು ಹೋದ ಪೇಟೆಗಳಿವು. 1565ರ ಜನವರಿಯ ಯುದ್ಧವಾಗಿ, ಕೆಲವು ತಿಂಗಳ ಒಳಗೆ, ಕೊಳ್ಳುವವರೂ ಇಲ್ಲ, ಮಾರುವವರೂ ಇಲ್ಲ. ಅಂಗಡಿಯ ಕಂಬಗಳು ಈಗಲೂ ಇವೆ, ಅವುಗಳ ನಡುವೆ ಮೇಕೆ ಮೇಯುತ್ತವೆ.

ಮಹಡಿ ಮನೆ ಎಂದಾಗ ಅರಮನೆ ಆವರಣ. ಅಲ್ಲಿ ಉಳಿದಿರುವುದು ಕಲ್ಲಿನ ಅಧಿಷ್ಠಾನ ಮಾತ್ರ, ಅಂದರೆ ಅರಮನೆಯ ಪಾದ. ಮೇಲಿನ ಅಂತಸ್ತು ಮರದ್ದು, ಗಾರೆಯದ್ದು. ಸುಟ್ಟದ್ದೆಷ್ಟೋ, ಮಳೆಗೆ ಕರಗಿದ್ದೆಷ್ಟೋ. ಪಾದ ಮಾತ್ರ ಇದೆ, ಮೇಲೇರುವ ಮೆಟ್ಟಿಲು ಎರಡು ಮೂರು ಇವೆ, ಆ ಮೆಟ್ಟಿಲು ಹತ್ತಿದರೆ ತಲೆಯ ಮೇಲೆ ಆಕಾಶ.

ಆನೆ ಅಂದರೆ ಗಜಶಾಲೆ. ಹನ್ನೊಂದು ಕೋಣೆ, ಹನ್ನೊಂದಕ್ಕೂ ಗುಮ್ಮಟ. ಒಳಗೆ ಹೋದರೆ ತಣ್ಣಗಿರುತ್ತದೆ. ತಲೆ ಎತ್ತಿ ನೋಡಿದರೆ ಆನೆಯನ್ನು ಬಿಗಿಯಲು ಇದ್ದ ಕೊಂಡಿಯ ಗುರುತು ಕಾಣುತ್ತದೆ. ಶಾಲೆಯ ಮಕ್ಕಳು ಪ್ರವಾಸ ಬಂದಾಗ ಅಲ್ಲಿ ಕೂಗಿ ತಮ್ಮ ದನಿ ತಿರುಗಿ ಬರುವುದನ್ನು ಕೇಳಿ ಕುಣಿಯುತ್ತಾರೆ. ಆನೆ ಹತ್ತಿ ಮೆರೆದವರ ಮನೆಯ ಗೋಡೆ ಒಂದೂ ನಿಂತಿಲ್ಲ, ಆನೆಯ ಮನೆ ಮಾತ್ರ ಗಟ್ಟಿಯಾಗಿ ನಿಂತಿದೆ.

ಇನ್ನು ಬಚ್ಚಿಟ್ಟ ಹಣ. ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ. ನಮ್ಮ ಗುಡ್ಡಗಳಲ್ಲಿ ಒಡೆದ ಬಸವಣ್ಣ ಎಷ್ಟು, ಕಿತ್ತ ಗರ್ಭಗುಡಿಯ ನೆಲ ಎಷ್ಟು. ಎಲ್ಲ ದಾಳಿಕಾರರೇ ಮಾಡಿದ್ದಲ್ಲ. ನಿಧಿಯ ಆಸೆಗೆ ರಾತ್ರಿ ಗುದ್ದಲಿ ಹಿಡಿದು ಬಂದವರು ಮಾಡಿದ್ದು ಬೇಕಾದಷ್ಟಿದೆ. ವಿಶ್ವಪರಂಪರೆಯ ತಾಣ ಎಂದು 1986ರಲ್ಲಿ ಘೋಷಣೆಯಾದ ಮೇಲೂ ಆ ಗೀಳು ಪೂರಾ ಬಿಟ್ಟಿಲ್ಲ. ಪದದ ಆ ಸಾಲು ಬಂದಾಗ ನನಗೆ ಅಗೆದು ಬಿಟ್ಟ ಆ ಗುಂಡಿಗಳೇ ನೆನಪಾಗುತ್ತವೆ.

ಆದರೆ ಹಂಪಿಯ ಕಲ್ಲುಗಳಿಗಿಂತ ಹತ್ತಿರದ, ಇನ್ನೂ ಬಿಸಿಯಿರುವ ಕಾರಣವೊಂದಿದೆ. ಹಾಡು ಬಂದದ್ದು 2013ರಲ್ಲಿ ಎಂದೆ. ಆ ವರ್ಷ ಹೊಸಪೇಟೆ, ಸಂಡೂರು ಯಾವ ಸ್ಥಿತಿಯಲ್ಲಿದ್ದವು ನೆನಪು ಮಾಡಿಕೊಳ್ಳಿ.

2000ದ ನಂತರ ಚೀನಾದಲ್ಲಿ ಉಕ್ಕಿನ ಬೇಡಿಕೆ ಏರಿತು, ಕಬ್ಬಿಣದ ಅದಿರಿನ ಬೆಲೆ ಏರಿತು. ಯಾರೂ ಕೇಳದೆ ಗುಡ್ಡದ ಬುಡದಲ್ಲಿ ಬಿದ್ದಿದ್ದ ಫೈನ್ಸಿಗೂ, ಅಂದರೆ ಪುಡಿ ಅದಿರಿಗೂ, ಬಂಗಾರದ ಬೆಲೆ ಬಂತು. 'ಮೈನ್ಸ್ ಟೈಮು' ಎಂದು ನಾವು ಇವತ್ತಿಗೂ ಕರೆಯುವುದು ಆ ಕಾಲವನ್ನೇ. ಸಂಡೂರಿನಿಂದ ಹೊಸಪೇಟೆಗೆ ಬರುವ ರಸ್ತೆಯಲ್ಲಿ ಲಾರಿಯ ಹಿಂದೆ ಲಾರಿ, ಹಗಲು ರಾತ್ರಿ. ಬೇವಿನ ಎಲೆ ಕೆಂಪು, ಮನೆಯ ಗೋಡೆ ಕೆಂಪು, ಒಣಹಾಕಿದ ಬಟ್ಟೆ ಕೆಂಪು, ಎಮ್ಮೆಯ ಬೆನ್ನೂ ಕೆಂಪು. ಜೋಳ ಬಿತ್ತುತ್ತಿದ್ದ ಹೊಲದಲ್ಲೇ ಅಗೆದು ಅದಿರು ತೆಗೆದವರಿದ್ದಾರೆ. ಅದಿರು ಗುಡ್ಡೆ ಹಾಕಲು ಹೊಲ ಬಾಡಿಗೆಗೆ ಕೊಟ್ಟವರಿದ್ದಾರೆ. ಎತ್ತು ಮಾರಿ, ಹೆಂಡತಿಯ ಸರ ಅಡವಿಟ್ಟು ಮುಂಗಡ ಕಟ್ಟಿ, ಸಾಲದ ಮೇಲೆ ಲಾರಿ ತೆಗೆದ ರೈತರಂತೂ ಊರಿಗೆ ಹತ್ತಿಪ್ಪತ್ತು ಮಂದಿ. ಟ್ರಿಪ್ಪಿನ ಲೆಕ್ಕದಲ್ಲೇ ಮಾತು, ಟ್ರಿಪ್ಪಿನ ಲೆಕ್ಕದಲ್ಲೇ ಮದುವೆ. ಮಾಳಿಗೆ ಮನೆ ಕೆಡವಿ ಆರ್.ಸಿ.ಸಿ. ಮನೆ ಎದ್ದವು, ಒಂದಂತಸ್ತು ಎದ್ದಲ್ಲಿ ಎರಡಂತಸ್ತು ಎದ್ದವು.

ಆ ಮಾಳಿಗೆ ಮನೆಯ ಬಗ್ಗೆ ಈಗಿನ ಮಕ್ಕಳಿಗೆ ಒಂದು ಮಾತು ಹೇಳಬೇಕು. ಶರೀಫರ ಪದಗಳಲ್ಲಿ ಮಾಳಿಗೆ ಮತ್ತೆ ಮತ್ತೆ ಬರುತ್ತದೆ. 'ಸೋರುತಿಹುದು ಮನೆಯ ಮಾಳಿಗಿ' ಪದ ಯಾರಿಗೆ ಗೊತ್ತಿಲ್ಲ! ಕಂಬ ನಿಲ್ಲಿಸಿ, ಬೋದಿಗೆ ಇಟ್ಟು, ತೊಲೆ ಹಾಕಿ, ಜಂತಿ ಜೋಡಿಸಿ, ಅದರ ಮೇಲೆ ಕಟ್ಟಿಗೆ ಸೊಪ್ಪು ಹರಡಿ, ಮೇಲೆ ಮಣ್ಣು ಬಡಿಯುತ್ತಿದ್ದರು. ಎಲ್ಲಕ್ಕಿಂತ ಮೇಲಿನ ಪದರಕ್ಕೆ ಚೌಳು ಮಣ್ಣೇ ಆಗಬೇಕು. ಬೆಳೆಗೆ ಆಗದ ಮಣ್ಣು ಅದು, ಉಪ್ಪು ಕ್ಷಾರ ತುಂಬಿದ್ದು. ಹೊಲದಲ್ಲಿ ನೀರು ಇಂಗಗೊಡದ ಅದರ ಕೆಟ್ಟ ಗುಣವೇ ಮಾಳಿಗೆಯ ಮೇಲೆ ಒಳ್ಳೆಯ ಗುಣ. ನೀರು ಬಿದ್ದೊಡನೆ ಅದರ ನುಣುಪು ಕಣ ಬಿಡಿಬಿಡಿಯಾಗಿ ಹರಡಿ ಸಂದು ಮುಚ್ಚುತ್ತದೆ, ಮಳೆನೀರು ಒಳಗೆ ಇಳಿಯದೆ ದೋಣಿಯಿಂದ ಹೊರಗೆ ಬೀಳುತ್ತದೆ. ಆದರೆ ವರ್ಷ ವರ್ಷ ಮಳೆಗಾಲಕ್ಕೆ ಮುಂಚೆ ಚೌಳು ಹೊತ್ತು ಹಾಕಬೇಕು, ಹುಲ್ಲು ಕೀಳಬೇಕು, ಹೆಗ್ಗಣದ ಬಿಲ ಮುಚ್ಚಬೇಕು. ಒಂದು ವರ್ಷ ಉದಾಸೀನ ಮಾಡಿದರೆ ಮಲಗುವ ಜಾಗದಲ್ಲೇ ಹನಿ. ಬುಕ್ಕಸಾಗರದಲ್ಲಿ ಇಂಥ ಮನೆಗಳು ಇನ್ನೂ ಕೆಲವು ಉಳಿದಿವೆ. ಶರೀಫರ ಪದ ಕೇಳಿದಾಗ ನಮ್ಮ ಹಿರಿಯರು ಮೊದಲು ನೋಡುತ್ತಿದ್ದದ್ದು ಆಕಾಶವನ್ನಲ್ಲ, ಮನೆಯ ಜಂತಿಯನ್ನು. ವೇದಾಂತ ಆಮೇಲೆ. ಆ ಪದಗಳ ಬಲ ಇರುವುದೂ ಅಲ್ಲೇ.

ಮೈನ್ಸಿನ ಮಾತಿಗೆ ಬರೋಣ. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೆಲ್ಲ ನಿಲ್ಲಿಸಿತು. ಗುಡ್ಡ ಉಳಿಯಬೇಕಾದರೆ ಅದು ಆಗಲೇಬೇಕಿತ್ತು. ಆದರೆ ದೊಡ್ಡವರು ಮಾಡಿದ ಲೂಟಿಯ ಲೆಕ್ಕ ಚಿಕ್ಕವರ ಬಾಗಿಲಿಗೂ ಬಂತು. ರಸ್ತೆ ಬದಿಯಲ್ಲಿ, ಪೆಟ್ರೋಲ್ ಬಂಕಿನ ಹಿಂದೆ, ಬೀಳುಬಿದ್ದ ಹೊಲದಲ್ಲಿ ಲಾರಿಗಳು ಸಾಲಾಗಿ ನಿಂತವು. ಕಂತು ಕಟ್ಟಲಾರದೆ ಟೈರು ಬಿಚ್ಚಿ ಮಾರಿದರು. ಕೆಲವು ಲಾರಿಗಳ ತಳದಲ್ಲಿ ಜಾಲಿ ಮೊಳೆತು ಬಾಗಿಲವರೆಗೂ ಬೆಳೆಯಿತು. ಹಣವಿಲ್ಲದೆ ಅರ್ಧಕ್ಕೆ ನಿಂತ ಮಹಡಿಗಳ ಮೇಲೆ ಕಂಬಿಗಳು ಹಾಗೇ ತುಕ್ಕು ಹಿಡಿದವು. 2012ರ ಕೊನೆಯ ಹೊತ್ತಿಗೆ ಕೆಲವು ಗಣಿಗಳು ನಿಯಮ ಕಟ್ಟುಪಾಡಿನೊಳಗೆ ಮತ್ತೆ ಶುರುವಾದವು. ಮೊದಲಿನ ಮೈನ್ಸ್ ಟೈಮು ಮಾತ್ರ ತಿರುಗಿ ಬರಲಿಲ್ಲ.

ಅಂಥ ಹೊತ್ತಿನಲ್ಲಿ ಈ ಹಾಡು ಬಂತು. ಕ್ಷಣದ ಸಂತೆ, ಮೇಲಂತಸ್ತಿನ ಮನೆ, ಅಂಬಾರಿಯ ಮೆರೆತ, ಕೂಡಿಟ್ಟ ದುಡ್ಡು, ಮಣ್ಣು. ಶರೀಫರು ನಮ್ಮನ್ನು ನೋಡಿಯೇ ಬರೆದರೇನೋ ಅನ್ನಿಸುವ ಹಾಗೆ. ಹೊಸಪೇಟೆಯ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಅದನ್ನು ಮೊದಲು ಕೇಳಿದಾಗ, ಪಕ್ಕದಲ್ಲಿ ಲಾರಿ ಡ್ರೈವರುಗಳಿದ್ದರು. ಒಬ್ಬರೂ ಮಾತಾಡಲಿಲ್ಲ, ಹಾಡು ಮುಗಿದ ಮೇಲೆ ಒಬ್ಬ ಅಂದ: 'ಅಣ್ಣಾ, ಇನ್ನೊಂದು ಸಲ ಹಾಕ್ರಿ.' ಬೆಂಗಳೂರಿನಲ್ಲಿ ಈ ಹಾಡಿಗೆ ಜನ ಕುಣಿದರು. ಇಲ್ಲಿ ಕುಣಿದರೂ ಆ ಕುಣಿತದಲ್ಲಿ ಕಂತಿನ ನೆನಪು ಇತ್ತು. ಹಾಡೊಂದು ಹಿಟ್ ಆಯಿತೆಂದರೆ ಎಷ್ಟು ಮಂದಿ ಕೇಳಿದರು ಎಂದು ಎಣಿಸುತ್ತಾರೆ. ಯಾವ ಹೊತ್ತಿನಲ್ಲಿ ಕೇಳಿದರು ಎಂಬುದನ್ನೂ ಕೇಳಬೇಕು. ನಮ್ಮ ಸೀಮೆಯಲ್ಲಿ ಹಾಡು ಗೆದ್ದದ್ದು ಹೊತ್ತಿನಿಂದ ಎಂದು ನನ್ನ ನಂಬಿಕೆ.

ಈ ಹಾಡಿಗೆ ಒಂದು ಆಕ್ಷೇಪ ಇದೆ, ಕಾಲೇಜಿನ ಮಕ್ಕಳೇ ಎತ್ತುತ್ತಾರೆ. ಲೋಕದ ಚಿಂತೆ ಬಿಡು ಅನ್ನುವ ಹಾಡು ಅನ್ಯಾಯ ನೋಡಿಯೂ ಸುಮ್ಮನಿರು ಎಂದ ಹಾಗಾಗಲಿಲ್ಲವೇ? ಗುಡ್ಡ ಕರಗುವಾಗ ಲೋಕದ ಕಾಳಜಿ ಮಾಡಿದವರಿಂದ ತಾನೇ ಗುಡ್ಡ ಉಳಿದದ್ದು? ಒಳ್ಳೆಯ ಪ್ರಶ್ನೆ. ನನಗೆ ತೋಚುವುದು ಇಷ್ಟು. ಶರೀಫರು ಕೆಣಕುವುದು ಕಾಳಜಿಯನ್ನಲ್ಲ, ಕಾಳಜಿಯ ಹೆಸರು ಹೇಳಿ ಮೆರೆಯುವವನನ್ನು. ಆ ಪದದ ಮನುಷ್ಯನ ಬಾಯಲ್ಲಿ ಲೋಕ, ಕೈಯಲ್ಲಿ ತನ್ನ ಮನೆ, ತನ್ನ ಆನೆ, ತನ್ನ ಗಂಟು. ಮೈನ್ಸ್ ಟೈಮಿನಲ್ಲಿ ಸಾಮೂಹಿಕ ಮದುವೆ ಮಾಡಿಸಿದವರು, ಜಾತ್ರೆಗೆ ಬೆಳ್ಳಿ ಕೊಟ್ಟವರು, ಬಡವರ ಬಂಧು ಎಂದು ಕಟೌಟು ನಿಲ್ಲಿಸಿಕೊಂಡವರು ಯಾರ್ಯಾರೆಂದು ನಿಮಗೆ ಗೊತ್ತು. ಹಾಡು ಯಾರನ್ನು ಎದುರಿಗೆ ನಿಲ್ಲಿಸಿಕೊಂಡಿದೆ ಎಂಬುದೂ ಅಲ್ಲೇ ಗೊತ್ತಾಗುತ್ತದೆ. ಇಮಾಮ್ ಸಾಹೇಬರ ಮಗ ಗೋವಿಂದಭಟ್ಟರ ಶಿಷ್ಯನಾಗಿ, ಎರಡೂ ಕಡೆಯವರ ಬೈಗುಳ ತಿಂದು, ಊರ ಜನರ ನಡುವೆಯೇ ಬಾಳಿದ ಮನುಷ್ಯ ಲೋಕದ ಚಿಂತೆ ಬಿಟ್ಟವನಲ್ಲ.

ಮಾತು ತಿಳಿಯದವರಿಗೂ ಹಾಡು ಮುಟ್ಟುತ್ತದೆ ಎನ್ನುವುದಕ್ಕೆ ಹೊರದೇಶದ ಒಂದು ಹಾಡನ್ನೂ ಇಲ್ಲಿ ನೆನೆಯುತ್ತೇನೆ. ಸಂಡೂರಿನ ದೋಣಿಮಲೆಯ ಅದಿರು ರೈಲಿನಲ್ಲಿ ಚೆನ್ನೈ ಬಂದರಿಗೆ ಹೋಗಿ ಜಪಾನಿನ ಉಕ್ಕಿನ ಕಾರ್ಖಾನೆ ಸೇರುತ್ತಿದ್ದ ಕಾಲವೊಂದಿತ್ತು. ಆ ಜಪಾನಿನಿಂದ ಲೋಕಕ್ಕೆ ಹರಿದ ಹಾಡೊಂದಿದೆ. ಕ್ಯೂ ಸಕಾಮೊಟೊ ಎಂಬ ತರುಣ 1961ರಲ್ಲಿ ಹಾಡಿದ್ದು. ಕಣ್ಣೀರು ಕೆಳಗೆ ಬೀಳದಿರಲೆಂದು ತಲೆ ಮೇಲೆತ್ತಿ ನಡೆಯುವವನ ಹಾಡು. ಬರೆದವರು ರೊಕುಸುಕೆ ಎಯ್, ರಾಗ ಹಾಕಿದವರು ಹಚಿದಾಯ್ ನಕಮುರಾ. ಜಪಾನಿ ಭಾಷೆಯಲ್ಲೇ ಅದು 1963ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅಲ್ಲಿಯ ಜನಕ್ಕೆ ಒಂದು ಅಕ್ಷರ ತಿಳಿಯದು, ಹೆಸರು ಉಚ್ಚರಿಸಲು ಕಷ್ಟವೆಂದು 'ಸುಕಿಯಾಕಿ' ಎಂಬ ಊಟದ ಹೆಸರನ್ನು ಅದಕ್ಕೆ ಅಂಟಿಸಲಾಗಿತ್ತು. ಹಾಡಿನ ನೋವು ಮಾತ್ರ ಅವರಿಗೆ ತಲುಪಿತು. ಗ್ಲಾಸ್ಟನ್‌ಬರಿಯ ಕೆಸರು ಮೈದಾನದಲ್ಲಿ ರಘು ದೀಕ್ಷಿತ್ ಅವರ ಎದುರು ನಿಂತ ಬಿಳಿಯ ಹುಡುಗರಿಗೂ ಕನ್ನಡ ತಿಳಿಯುತ್ತಿರಲಿಲ್ಲ. ಆದರೂ ನಮ್ಮ ಮಾತಿನ ತೂಕ ಇಳಿಸದೆ, ಇಂಗ್ಲಿಷಿನ ಊರುಗೋಲು ಹಿಡಿಯದೆ ನಮ್ಮ ಪದ ಅಲ್ಲಿಗೆ ಹೋಗಿ ಬಂತಲ್ಲ, ಅದು ನನಗೆ ಹೆಮ್ಮೆಯ ಸಂಗತಿ.

'ಲೋಕದ ಕಾಳಜಿ'ಯಿಂದ ನಮ್ಮ ಊರುಗಳಲ್ಲಿ ಆದ ಒಂದು ಬದಲಾವಣೆ ಹೇಳುತ್ತೇನೆ. ಶ್ರಾವಣದ ಸೋಮವಾರ ನಮ್ಮ ಕಡೆ ಭಜನೆ ಮೇಳ ಕೂಡುತ್ತದೆ. ಹಾರ್ಮೋನಿಯಂ, ದಮ್ಮಡಿ, ತಾಳ, ಈಗೀಗ ಒಂದು ಢೋಲಕ್. ಹಿಂದೆ ಮುದುಕರು ಹಾಡುವಾಗ ಹುಡುಗರು ಕಟ್ಟೆಯ ಹೊರಗೆ ಮೋಟಾರು ಸೈಕಲ್ಲಿನ ಮೇಲೆ ಕೂತಿರುತ್ತಿದ್ದರು. ಈ ಹಾಡು ಬಂದ ಮೇಲೆ ಒಳಗೆ ಬಂದು ಕೂತರು. ಮೊದಲು ಇದೊಂದೇ ಪದ ಹಾಡಿದರು, ಅದೂ ರಘು ದೀಕ್ಷಿತ್ ಅವರ ಓಟದಲ್ಲೇ. ಮೇಳದ ಹಿರಿಯರೊಬ್ಬರು ಒಮ್ಮೆ ತಡೆದರು. 'ತಮ್ಮಾ, ಇಷ್ಟು ಜೋರಾಗಿ ಹೋದರೆ ಕೊನೆ ನುಡಿ ಹೆಂಗ ನಿಂದ್ರತದ? ಅಲ್ಲಿ ಗುರುವಿನ ಹೆಸರು ಬರ್ತದ, ಅಲ್ಲಿ ಉಸಿರು ಬಿಡಬೇಕು' ಅಂದರು. ಹುಡುಗರು ವಾದ ಮಾಡಲಿಲ್ಲ. ಈಗ ಆ ಮೇಳದಲ್ಲಿ ಪದ ಓಡುತ್ತ ಹೋಗಿ ಅಂಕಿತಕ್ಕೆ ಬಂದಾಗ ನಿಧಾನವಾಗುತ್ತದೆ, ಮತ್ತೆ ಪಲ್ಲವಿಯಲ್ಲಿ ಓಡುತ್ತದೆ. ರಘು ದೀಕ್ಷಿತ್ ಹಾಡಿದ ಹಾಗೂ ಇಲ್ಲ, ಮುದುಕರು ಹಾಡುತ್ತಿದ್ದ ಹಾಗೂ ಇಲ್ಲ. ಆ ಹಿರಿಯರ ನೋಟುಬುಕ್ಕಿನಲ್ಲಿದ್ದ ಬೇರೆ ಪದಗಳನ್ನೂ ಹುಡುಗರು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡಿದ್ದಾರೆ. ಅವುಗಳಲ್ಲಿ ನಾನು ಎಲ್ಲಿಯೂ ಅಚ್ಚಿನಲ್ಲಿ ನೋಡದ ಪದಗಳೂ ಇವೆ.

ಸಂಗೀತದ ಆಸಕ್ತಿ ಇರುವವರಿಗೆ ಒಂದು ಕೆಲಸ ಹೇಳಿ ನಿಲ್ಲಿಸುತ್ತೇನೆ. 'ಕೋಡಗನ ಕೋಳಿ ನುಂಗಿತ್ತ' ಪದವನ್ನು ಅಶ್ವತ್ಥ್ ಹಾಡಿದ್ದಾರೆ, ರಘು ದೀಕ್ಷಿತ್ ಕೂಡ ಹಾಡಿದ್ದಾರೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಯಾರು ಹೆಚ್ಚು ಎಂದು ತೂಗಲು ಹೋಗಬೇಡಿ. ಅಶ್ವತ್ಥ್ ಎಲ್ಲಿ ನಿಲ್ಲುತ್ತಾರೆ, ರಘು ಎಲ್ಲಿ ಓಡುತ್ತಾರೆ, ತಾಳ ಎಲ್ಲಿ ಮಾತಿನ ಮೇಲೆ ಬೀಳುತ್ತದೆ, ಎಲ್ಲಿ ಮಾತಿನ ನಡುವೆ ಬೀಳುತ್ತದೆ, ಅಷ್ಟನ್ನು ಗಮನಿಸಿ. ಆಮೇಲೆ ನಿಮ್ಮ ಊರಿನ ಮೇಳದಲ್ಲಿ ಅದೇ ಪದ ಹಾಡುವವರು ಇದ್ದರೆ ಹೋಗಿ ಅವರ ಪಕ್ಕ ಕೂತು ಕೇಳಿ. ದಮ್ಮಡಿ ಕೈಗೆ ಕೊಟ್ಟರೆ ಬೇಡ ಅನ್ನಬೇಡಿ.